ಮೂರನೆಯ ದಿನದ ಮೌನ

ಗಾಜಿನ ಭರಣಿಗೆ 50 ಗ್ರಾಂ ಗೋಧಿಹಿಟ್ಟು, 50 ಗ್ರಾಂ ನೀರು ಹಾಕಿ ಕಲಸಿ, ಮುಚ್ಚಳ ಸಡಿಲವಾಗಿಟ್ಟು ಅಡುಗೆಮನೆಯ ಮೂಲೆಯಲ್ಲಿಡಿ. ಮೊದಲ ದಿನ ಏನೂ ಕಾಣುವುದಿಲ್ಲ. ಎರಡನೆಯ ದಿನ ನೋಡಿದರೆ ಹಿಟ್ಟು ಭರಣಿಯ ಅಂಚಿಗೆ ಬಂದಿರುತ್ತದೆ. ಮೈತುಂಬ ಗುಳ್ಳೆ, ಮುಚ್ಚಳ ತೆಗೆದರೆ ಹಳಸಿದ ವಾಸನೆ. ಯೀಸ್ಟ್ ಬಂತೆಂದು ಸಂತೋಷದಿಂದ ಇನ್ನಷ್ಟು ಹಿಟ್ಟು ಉಣಿಸುತ್ತೀರಿ. ಮೂರನೆಯ ದಿನ ಒಂದು ಗುಳ್ಳೆಯೂ ಇಲ್ಲ. ನಾಲ್ಕನೆಯ ದಿನವೂ ಹಾಗೆಯೇ. ಮನೆಯಲ್ಲಿ ಸಾವರ್‌ಡೋ, ಅಂದರೆ ಹುಳಿಹಿಟ್ಟಿನ, ಬ್ರೆಡ್ ಮಾಡಲು ಹೊರಟವರು ಕೈಬಿಡುವುದು ಹೆಚ್ಚಾಗಿ ಈ ಹಂತದಲ್ಲಿ. ಹಿಟ್ಟು ಹಳೆಯದಿತ್ತು, ನೀರಿನಲ್ಲಿ ಕ್ಲೋರಿನ್ ಇತ್ತು, ಚಳಿ ಜಾಸ್ತಿಯಾಯಿತು ಎಂದೆಲ್ಲ ಕಾರಣ ಹುಡುಕಿ ಭರಣಿ ತೊಳೆದಿಡುತ್ತಾರೆ. ಆದರೆ ಆ ಹಿಟ್ಟು ಸತ್ತಿಲ್ಲ. ಬ್ರೆಡ್ಡಿಗೆ ಬೇಕಾದ ಕೆಲಸ ಅಲ್ಲಿ ಆಗಷ್ಟೇ ಶುರುವಾಗಿದೆ, ಗುಳ್ಳೆಯಿಲ್ಲದೆ ನಡೆಯುತ್ತಿದೆ. ಈ ಅಧ್ಯಾಯ ಮುಖ್ಯವಾಗಿ ಆ ದಿನಗಳ ಬಗ್ಗೆ.

ಮೊದಲು ಹಿಟ್ಟನ್ನು ನೋಡೋಣ. ಗೋಧಿಯ ತೆನೆ ಹೊಲದಲ್ಲಿ ನಿಂತಿರುವಾಗಲೇ ಕಾಳಿನ ಸಿಪ್ಪೆಯ ಮೇಲೆ ಬ್ಯಾಕ್ಟೀರಿಯಾ, ಬೂಷ್ಟು, ಯೀಸ್ಟ್ ಎಲ್ಲವೂ ನೆಲೆಯೂರಿರುತ್ತವೆ. ಮಣ್ಣು, ಮಳೆ, ಗಾಳಿ, ಕೀಟಗಳು ತಂದು ಹಚ್ಚಿದವು ಅವು. ಗಿರಣಿಯಲ್ಲಿ ಬೀಸಿದಾಗ ತೌಡಿನ ಜೊತೆ ಹಿಟ್ಟಿಗೆ ಸೇರುತ್ತವೆ. ಒಣ ಹಿಟ್ಟಿನಲ್ಲಿ ತಿಂಗಳುಗಟ್ಟಲೆ ಅಲುಗಾಡದೆ ಇರಬಲ್ಲವು. ನೀರು ಬಿದ್ದ ಕೂಡಲೆ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಕಾಳಿನೊಳಗೇ ಇದ್ದ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡತೊಡಗುತ್ತದೆ. ಮೊಳಕೆಗೆ ಆಹಾರ ಒದಗಲೆಂದು ಕಾಳು ಮಾಡಿಕೊಂಡ ಏರ್ಪಾಡು ಅದು. ಅದೇ ಹೊತ್ತಿಗೆ ಸಿಪ್ಪೆಯ ಮೇಲಿದ್ದ ಜೀವಿಗಳು ಎಚ್ಚೆತ್ತು ಆ ಸಕ್ಕರೆಗೆ ಕೈಹಾಕುತ್ತವೆ.

ಎಲ್ಲಕ್ಕಿಂತ ಮೊದಲು ಹೆಚ್ಚುವುದು ಬೇಗ ಬೆಳೆಯುವ ಬ್ಯಾಕ್ಟೀರಿಯಾ. ಎಂಟೆರೊಬ್ಯಾಕ್ಟೀರಿಯಾ ಗುಂಪಿನವು ಕೆಲವು, ಲ್ಯೂಕೊನಾಸ್ಟಾಕ್ ಕುಲದವು ಕೆಲವು. ಹುಳಿಯ ಅಳತೆ ಪಿಎಚ್, ಅಂಕಿ ಇಳಿದಷ್ಟೂ ಹುಳಿ ಹೆಚ್ಚು; ತಾಜಾ ಕಲಸಿದ ಹಿಟ್ಟಿನ ಪಿಎಚ್ ಸುಮಾರು 6. ಇವಕ್ಕೆ ಹೇಳಿ ಮಾಡಿಸಿದ ಜಾಗ. ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಹಿಟ್ಟು ಉಬ್ಬುತ್ತದೆ. ಜೊತೆಗೆ ಆಮ್ಲವನ್ನೂ ಬಿಡುತ್ತವೆ. ಆಮ್ಲ ಕೂಡುತ್ತಾ ಹೋದಂತೆ ಪಿಎಚ್ 5ಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಆಗ ಈ ಮೊದಲ ಗುಂಪಿಗೆ ತಾನೇ ಮಾಡಿದ ಹುಳಿಯಲ್ಲಿ ಉಸಿರಾಡಲಾಗುವುದಿಲ್ಲ. ಗುಳ್ಳೆ ನಿಲ್ಲುತ್ತದೆ, ಕೆಟ್ಟ ವಾಸನೆಯೂ ಕರಗುತ್ತದೆ. ಹುಳಿಯನ್ನು ಚೆನ್ನಾಗಿ ತಾಳಿಕೊಳ್ಳುವ ಲ್ಯಾಕ್ಟೊಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾ ಆಗ ಮೇಲುಗೈ ಪಡೆದು ಪಿಎಚ್ ಅನ್ನು ಇನ್ನೂ ಇಳಿಸುತ್ತವೆ, 4ರ ಕೆಳಗೂ ಒಯ್ಯುತ್ತವೆ. ಇವುಗಳ ಕೆಲಸದಲ್ಲಿ ಗುಳ್ಳೆ ಕಡಿಮೆ, ಹುಳಿ ಹೆಚ್ಚು. ಹೀಗಾಗಿ ಹೊರಗಿನಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ.

ಯೀಸ್ಟ್ ಇಷ್ಟು ಹೊತ್ತು ಎಲ್ಲಿತ್ತು? ಹಿಟ್ಟಿನಲ್ಲೇ ಇತ್ತು, ಆದರೆ ಬಹಳ ಕಡಿಮೆ ಸಂಖ್ಯೆಯಲ್ಲಿ. ಅದು ನಿಧಾನವಾಗಿ ಹೆಚ್ಚುವ ಜೀವಿ. ಹುಳಿ ಅದಕ್ಕೆ ತೊಂದರೆಯಲ್ಲ; ಪೈಪೋಟಿಗಿದ್ದ ಬ್ಯಾಕ್ಟೀರಿಯಾಗಳನ್ನು ಹುಳಿ ಹಿಮ್ಮೆಟ್ಟಿಸಿದ್ದರಿಂದ ಅದಕ್ಕೆ ಅನುಕೂಲವೇ ಆಯಿತು. ಐದನೆಯ ದಿನವೋ ಏಳನೆಯ ದಿನವೋ, ಕೆಲವೊಮ್ಮೆ ಹತ್ತು ದಿನ ಕಳೆದ ಮೇಲೋ, ಸಣ್ಣ ಗುಳ್ಳೆಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಈ ಸಲದ ವಾಸನೆ ಬೇರೆ: ಮಾಗಿದ ಹಣ್ಣು, ಮಜ್ಜಿಗೆ, ಸ್ವಲ್ಪ ಹೆಂಡದ ಘಾಟು. ಇದು ಯೀಸ್ಟ್.

ಎರಡನೆಯ ದಿನದ ಉಬ್ಬರ ಯೀಸ್ಟಿನದಲ್ಲ ಎಂಬುದನ್ನು ಮನೆಯಲ್ಲಿ ಬ್ರೆಡ್ ಮಾಡುವವರಿಗೆ ಬಿಡಿಸಿ ತೋರಿಸಿದವರು ಅಮೆರಿಕದ ಡೆಬ್ರಾ ವಿಂಕ್. ಅಂಥ ಹಿಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವರು ನೋಡಿದ್ದು ಲ್ಯೂಕೊನಾಸ್ಟಾಕ್. ಅವರು ಸೂಚಿಸಿದ ಪರಿಹಾರವೂ ಸರಳ. ಮೊದಲ ಎರಡು ಮೂರು ದಿನ ನೀರಿನ ಬದಲು ಅನಾನಸ್ ರಸದಲ್ಲಿ ಹಿಟ್ಟು ಕಲಸಿ. ಆರಂಭದಲ್ಲೇ ಹುಳಿ ಇದ್ದರೆ ಮೊದಲ ಗುಂಪಿಗೆ ತಲೆಯೆತ್ತಲು ಅವಕಾಶವೇ ಇಲ್ಲ. ಸುಳ್ಳು ಉಬ್ಬರವೂ ದುರ್ವಾಸನೆಯೂ ತಪ್ಪುತ್ತವೆ, ಕಾಯುವ ದಿನಗಳೂ ಕಡಿಮೆಯಾಗುತ್ತವೆ. ರಸ ಯೀಸ್ಟ್ ತಂದುಕೊಡುವುದಿಲ್ಲ, ಅದು ತರುವುದು ಹುಳಿಯನ್ನಷ್ಟೇ. ಹಾಗಿದ್ದರೂ ಮೊದಲ ಸಲ ಮಾಡುವವರು ಬರೀ ನೀರಿನಲ್ಲೇ ಮಾಡಲಿ ಎಂದು ನನ್ನ ಆಸೆ. ಒಂದು ಜೀವಿಸಮೂಹ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುವುದನ್ನು ಬರಿಗಣ್ಣು, ಬರಿಮೂಗಿನಿಂದ ಗುರುತಿಸುವ ಅವಕಾಶ ಅಡುಗೆಮನೆಯಲ್ಲಿ ಇಷ್ಟು ಸಲೀಸಾಗಿ ಸಿಗುವುದು ಅಪರೂಪ.

ಕನ್ನಡದ ಓದುಗರಿಗೆ ಈ ಲ್ಯೂಕೊನಾಸ್ಟಾಕ್ ಹೊಸಬನಲ್ಲ. 1965ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಿನೀವಾ ಸಂಶೋಧನಾ ಕೇಂದ್ರದಿಂದ ಎಸ್.ಕೆ. ಮುಖರ್ಜಿ, ಕೀತ್ ಸ್ಟೈನ್‌ಕ್ರಾಸ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಅದರ ವಿಷಯ ಇಡ್ಲಿ ಹಿಟ್ಟು. ಅದನ್ನು ಉಬ್ಬಿಸುವುದು ಯೀಸ್ಟ್ ಅಲ್ಲ, ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು ಅವರು ತೋರಿಸಿದರು. ಉದ್ದು, ಅಕ್ಕಿಗಳ ಜೊತೆಯಲ್ಲೇ ಅದು ಬರುತ್ತದೆ, ನೆನೆಹಾಕಿದಾಗಲೇ ಹೆಚ್ಚತೊಡಗುತ್ತದೆ. ರಾತ್ರಿ ರುಬ್ಬಿಟ್ಟ ಸಂಪಣ ಬೆಳಗ್ಗೆ ಪಾತ್ರೆ ತುಂಬಿ ನಿಲ್ಲುವುದು ಅದರ ಕೆಲಸದಿಂದ. ಬ್ರೆಡ್ ಮಾಡುವವರನ್ನು ಎರಡನೆಯ ದಿನ ಮೋಸಗೊಳಿಸುವ ಬ್ಯಾಕ್ಟೀರಿಯಾ ಮತ್ತು ನಮ್ಮ ಇಡ್ಲಿಯನ್ನು ಹಗುರ ಮಾಡುವ ಬ್ಯಾಕ್ಟೀರಿಯಾ ಒಂದೇ ಕುಲದವು.

ಹಾಗಿದ್ದರೆ ಇಡ್ಲಿಗೆ ಒಂದು ರಾತ್ರಿ ಸಾಕು, ಬ್ರೆಡ್ಡಿಗೆ ಒಂದು ವಾರ ಏಕೆ ಬೇಕು? ಇಡ್ಲಿಗೆ ಬೇಕಾದದ್ದು ಒಂದೇ ಒಂದು ಉಬ್ಬರ. ಉದ್ದಿನ ಲೋಳೆ ಗುಳ್ಳೆಗಳನ್ನು ಹಿಡಿದಿಡುತ್ತದೆ, ಹುಳಿ ಹೆಚ್ಚಾಗುವ ಮೊದಲೇ ಹಬೆಯಲ್ಲಿ ಬೇಯಿಸಿ ಮುಗಿಸುತ್ತೇವೆ. ಮುಂದಿನ ಸಲ ಮತ್ತೆ ಹೊಸ ಉದ್ದು, ಹೊಸ ಅಕ್ಕಿ, ಹೊಸ ಪಿಎಚ್. ಸಾವರ್‌ಡೋದಲ್ಲಿ ಹಾಗಲ್ಲ. ಇಲ್ಲಿ ನಿನ್ನೆಯ ಹಿಟ್ಟಿನ ಒಂದು ಪಾಲನ್ನು ಇವತ್ತಿನ ಹಿಟ್ಟಿಗೆ ಸೇರಿಸುತ್ತೇವೆ. ಅದರ ಜೊತೆ ನಿನ್ನೆಯ ಹುಳಿಯೂ ಬರುತ್ತದೆ. ಹೊಸ ಹಿಟ್ಟು ಹೊತ್ತು ತರುವ ಎಂಟೆರೊಬ್ಯಾಕ್ಟೀರಿಯಾ, ಲ್ಯೂಕೊನಾಸ್ಟಾಕ್‌ಗಳಿಗೆ ಕಾಲಿಡುವಾಗಲೇ ಆ ಹುಳಿ ಎದುರಾಗುತ್ತದೆ. ಹುಳಿ ತಾಳುವ ಬ್ಯಾಕ್ಟೀರಿಯಾಕ್ಕೂ ಯೀಸ್ಟಿಗೂ ಪ್ರತಿ ಸಲವೂ ಮುನ್ನಡೆ ಸಿಗುತ್ತದೆ. ಬ್ರೆಡ್ಡಿನ ಗಟ್ಟಿ ಕಣಕವನ್ನು ಗಂಟೆಗಟ್ಟಲೆ, ಹುಳಿಯ ನಡುವೆಯೇ ಉಬ್ಬಿಸುತ್ತಾ ಇರಬಲ್ಲದ್ದು ಮುಖ್ಯವಾಗಿ ಯೀಸ್ಟ್. ದಿನದಿನ ಉಣಿಸುವ ಮೂಲಕ ನಾವು ಮಾಡುತ್ತಿರುವುದು ಆಯ್ಕೆ. ಕಾಡು ಯೀಸ್ಟನ್ನು ಗಾಳಿಯಿಂದ ಹಿಡಿಯುತ್ತೇವೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ, ಕೇಳಲು ಚೆನ್ನಾಗಿದೆ. ಆದರೆ ಹಿಡಿಯಬೇಕಾದದ್ದು ಹೆಚ್ಚೇನಿಲ್ಲ. ಬೇಕಾದವು ಬಹುಪಾಲು ಹಿಟ್ಟಿನಲ್ಲೇ ಬಂದಿವೆ, ಬೇಡವಾದವುಗಳ ಜೊತೆ ಬೆರೆತು.

ಗೋಧಿಯ ಹುಳಿಹಿಟ್ಟು ನಮ್ಮ ನಾಡಿನಲ್ಲಿ ಇಲ್ಲದ್ದೇನೂ ಅಲ್ಲ. ಜಿಲೇಬಿಗೆ ಮೈದಾ ಕಲಸಿ ಹುಳಿ ಬರಲು ಬಿಡುತ್ತಾರಲ್ಲ, ಅದು ಇದರ ಹತ್ತಿರದ ಸಂಬಂಧಿ. ಇನ್ನು ಅಕ್ಕಿಯ ಸಾನ್ನದ ಹಿಟ್ಟಿಗೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಶೇಂದಿ ಹಾಕುತ್ತಾರೆ. ಶೇಂದಿಯಲ್ಲಿ ಯೀಸ್ಟ್ ಧಾರಾಳವಾಗಿರುವುದರಿಂದ ಅಲ್ಲಿ ಇಷ್ಟು ದಿನ ಕಾಯುವ ಅಗತ್ಯವಿಲ್ಲ.

ರುಚಿ ಊರಿನ ಗಾಳಿಯದು ಎಂಬ ನಂಬಿಕೆಯನ್ನು ನೋಡಲು ಈಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗೋಣ. 1849ರ ಚಿನ್ನದ ಹುಚ್ಚು ಜನರನ್ನು ಅಲ್ಲಿಗೆ ಎಳೆದು ತಂದಾಗ ಹುಳಿಹಿಟ್ಟಿನ ಬ್ರೆಡ್ ಆ ಊರಿನ ಗುರುತಾಗಿ ಬೆಳೆಯಿತು. ಅದೇ ವರ್ಷ ಶುರುವಾದ ಬೂಡಾನ್ ಬೇಕರಿ ಇವತ್ತಿಗೂ ನಡೆಯುತ್ತಿದೆ. ಆ ರುಚಿ ಅಲ್ಲಿನ ಮಂಜಿನಿಂದ, ಅಲ್ಲಿನ ಗಾಳಿಯಿಂದ, ಬೇರೆ ಊರಲ್ಲಿ ಅದು ಬಾರದು ಎಂದು ಬೇಕರಿಯವರು ನಂಬಿದ್ದರು. ಅತ್ತ ಯುರೋಪಿನಲ್ಲಿ 19ನೆಯ ಶತಮಾನದ ನಡುವೆ ವಿಯೆನ್ನಾದ ಕಾರ್ಖಾನೆಗಳು ಶುದ್ಧ ಯೀಸ್ಟನ್ನು ಒತ್ತಿ ಗಟ್ಟಿಮಾಡಿ ಮಾರಲು ಕಲಿತವು. 1868ರಲ್ಲಿ ಫ್ಲೈಶ್‌ಮನ್ ಸಹೋದರರು ಅಮೆರಿಕದ ಸಿನ್ಸಿನಾಟಿಯಲ್ಲಿ ಅಂಥದೇ ಉದ್ಯಮ ಶುರುಮಾಡಿದರು. ಒಂದೇ ಜಾತಿಯ ಯೀಸ್ಟ್, ಸ್ಯಾಕರೊಮೈಸಿಸ್ ಸೆರೆವಿಸಿಯೆ, ಒಂದು ಚಮಚದಲ್ಲಿ ಕೋಟಿಗಟ್ಟಲೆ. ಎರಡು ಮೂರು ಗಂಟೆಯಲ್ಲಿ ಬ್ರೆಡ್ ಸಿದ್ಧ. ಹುಳಿ ಬರುವಷ್ಟು ಕಾಲವೇ ಅದಕ್ಕೆ ಸಿಗಲಿಲ್ಲ, ಬಹಳಷ್ಟು ಊರುಗಳು ಹಳೆಯ ಹಿಟ್ಟನ್ನು ಮರೆತವು. ಸ್ಯಾನ್ ಫ್ರಾನ್ಸಿಸ್ಕೊ ಮರೆಯಲಿಲ್ಲ.

ಆ ಬ್ರೆಡ್ಡಿನ ಒಳಗುಟ್ಟು ಹೊರಬಂದದ್ದು 1970ರ ಆಸುಪಾಸಿನಲ್ಲಿ. ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಲಿಯೊ ಕ್ಲೈನ್ ಮತ್ತು ಟಿ.ಎಫ್. ಸುಗಿಹಾರ ಆ ನಗರದ ಬೇಕರಿಗಳ ಹುಳಿಹಿಟ್ಟನ್ನು ತಂದು ಪರೀಕ್ಷಿಸಿದರು. ಅವರಿಗೆ ಸಿಕ್ಕ ಯೀಸ್ಟ್ ಅಂಗಡಿಯ ಯೀಸ್ಟ್ ಆಗಿರಲಿಲ್ಲ. ಅದು ಮಾಲ್ಟೋಸನ್ನು ಮುಟ್ಟುತ್ತಲೇ ಇರಲಿಲ್ಲ. ಕಲಸಿದ ಹಿಟ್ಟಿನಲ್ಲಿ ಅತಿ ಹೆಚ್ಚಾಗಿರುವ ಸಕ್ಕರೆಯೇ ಮಾಲ್ಟೋಸ್. ಅದನ್ನು ತಿನ್ನದ ಯೀಸ್ಟ್ ಅಲ್ಲಿ ಬದುಕುವುದು ಹೇಗೆ? ಉತ್ತರ ಅದರ ಜೊತೆಯಲ್ಲೇ ಇದ್ದ ಬ್ಯಾಕ್ಟೀರಿಯಾದಲ್ಲಿತ್ತು. ಅದಕ್ಕೆ ಮಾಲ್ಟೋಸ್ ಎಂದರೆ ಪ್ರಾಣ. ಎರಡು ಗ್ಲೂಕೋಸ್ ಕೂಡಿ ಆದದ್ದು ಮಾಲ್ಟೋಸ್. ಬ್ಯಾಕ್ಟೀರಿಯಾ ಅದನ್ನು ಒಳಗೆಳೆದುಕೊಂಡು ಸೀಳಿ, ಒಂದು ಭಾಗವನ್ನು ತಾನು ಬಳಸಿಕೊಂಡು, ಇನ್ನೊಂದು ಗ್ಲೂಕೋಸನ್ನು ಹೊರಗೆ ಬಿಡುವುದುಂಟು. ಯೀಸ್ಟಿಗೆ ಬೇಕಿದ್ದದ್ದು ಅದೇ. ಒಂದೇ ಪಂಕ್ತಿಯಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ಬೇಡದ್ದು ಇನ್ನೊಬ್ಬರ ಎಲೆಗೆ ಬಿದ್ದ ಹಾಗೆ, ಇಬ್ಬರಿಗೂ ಊಟಕ್ಕೆ ಜಗಳವಿಲ್ಲ. ಬ್ಯಾಕ್ಟೀರಿಯಾ ಬಿಡುವ ಅಸೆಟಿಕ್ ಆಮ್ಲ ಹೊರಗಿನವರನ್ನು ದೂರವಿಡುತ್ತದೆ, ಈ ಯೀಸ್ಟ್ ಅದನ್ನು ಸಹಿಸುತ್ತದೆ. ಇಂಥ ಹಿಟ್ಟಿನಲ್ಲಿ ಒಂದು ಯೀಸ್ಟಿಗೆ ಸುಮಾರು ನೂರು ಬ್ಯಾಕ್ಟೀರಿಯಾ ಇರುತ್ತವೆ.

ಊರಿನ ಹೆಸರಿನಲ್ಲೇ ಆ ಬ್ಯಾಕ್ಟೀರಿಯಾವನ್ನು ಲ್ಯಾಕ್ಟೊಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸೆನ್ಸಿಸ್ ಎಂದು ಕರೆದರು. 2020ರ ವರ್ಗೀಕರಣದಲ್ಲಿ ಅದು ಫ್ರುಕ್ಟಿಲ್ಯಾಕ್ಟೊಬ್ಯಾಸಿಲಸ್ ಎಂಬ ಹೊಸ ಕುಲಕ್ಕೆ ಸೇರಿತು. ಜೊತೆಗಾರ ಯೀಸ್ಟನ್ನು ಕಜಾಖ್‌ಸ್ತಾನಿಯಾ ಹ್ಯುಮಿಲಿಸ್ ಎಂದು ಕರೆದಿದ್ದಾರೆ. ಆಮೇಲೆ ಹುಡುಕುತ್ತಾ ಹೋದಾಗ ಇಟಲಿ, ಜರ್ಮನಿ, ಫ್ರಾನ್ಸ್‌ಗಳ ಹುಳಿಹಿಟ್ಟಿನಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಮಂಜಿನ ನಂಬಿಕೆ ನಿಲ್ಲಲಿಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನಾಲ್ಕು ಖಂಡಗಳ 500 ಸ್ಟಾರ್ಟರ್‌ಗಳ, ಅಂದರೆ ಉಣಿಸಿ ಬೆಳೆಸಿದ ಹುಳಿಹಿಟ್ಟುಗಳ, ವಂಶವಾಹಿಗಳನ್ನು ಓದಿ, ಯಾವ ಊರಿನದು ಎಂಬುದರಿಂದ ಒಳಗೆ ಯಾರಿದ್ದಾರೆ ಎಂದು ಹೇಳುವುದು ಬಹುಮಟ್ಟಿಗೆ ಅಸಾಧ್ಯ ಎಂದು ತೋರಿಸಿತು. ಬಹುಪಾಲು ಭರಣಿಗಳಲ್ಲಿ ಒಂದೋ ಎರಡೋ ಜಾತಿಯ ಯೀಸ್ಟ್, ಕೆಲವೇ ಜಾತಿಯ ಬ್ಯಾಕ್ಟೀರಿಯಾ. ಆದರೆ ಆ ಕೆಲವು ಯಾವುವು ಎಂಬುದು ಭರಣಿಯಿಂದ ಭರಣಿಗೆ ಬೇರೆ. ಮೂರರಲ್ಲೊಂದಕ್ಕೆ ಸಮೀಪದಷ್ಟು ಸ್ಟಾರ್ಟರ್‌ಗಳಲ್ಲಿ ವಿನೆಗರ್ ಮಾಡುವ ಅಸೆಟಿಕ್ ಆಮ್ಲ ಬ್ಯಾಕ್ಟೀರಿಯಾ ಇದ್ದವು. ಅವಿದ್ದಲ್ಲಿ ಘಾಟು ಹೆಚ್ಚು, ಉಬ್ಬುವ ವೇಗ ಕಡಿಮೆ. ಎರಡು ಮನೆಗಳ ಸ್ಟಾರ್ಟರ್ ಒಂದೇ ರೀತಿ ನಡೆದುಕೊಳ್ಳದಿದ್ದರೆ ಅದಕ್ಕೆ ಮಾಡುವವರ ಕೈಗುಣವೊಂದೇ ಕಾರಣವಲ್ಲ.

ಕೈಗೂ ಒಂದು ಪಾಲಿದೆ ಎಂಬುದು ಇನ್ನೊಂದು ಪ್ರಯೋಗದಲ್ಲಿ ಕಂಡಿತು. ಜೀವವಿಜ್ಞಾನಿ ರಾಬ್ ಡನ್ ಮತ್ತು ಸಂಗಡಿಗರು ಎರಡು ಖಂಡಗಳ ಬೇಕರಿ ಕುಶಲಿಗಳಿಗೆ ಒಂದೇ ಹಿಟ್ಟು, ಒಂದೇ ವಿಧಾನ ಕೊಟ್ಟು ಸ್ಟಾರ್ಟರ್ ಮಾಡಿಸಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸ್ಟಾರ್ಟರ್‌ಗಳು ನಿರೀಕ್ಷೆಗಿಂತ ಹೆಚ್ಚು ಭಿನ್ನವಾಗಿದ್ದವು. ಅವುಗಳೊಳಗಿನ ಜೀವಿಗಳು ಹೆಚ್ಚಾಗಿ ಹಿಟ್ಟಿನವೇ ಆಗಿದ್ದರೂ ಕೆಲವು ಮಾಡಿದವರ ಚರ್ಮದ ಮೇಲೂ ಇದ್ದವು. ಹಿಟ್ಟಿನಿಂದ ಕೈಗೆ ಬಂದವೂ ಇದ್ದವು: ವರ್ಷಗಟ್ಟಲೆ ಹಿಟ್ಟು ನಾದಿದವರ ಕೈಯಲ್ಲಿ ಹುಳಿಹಿಟ್ಟಿನ ಬ್ಯಾಕ್ಟೀರಿಯಾ ಮನೆಮಾಡಿಕೊಂಡಿದ್ದವು.

ಇಷ್ಟು ತಿಳಿದ ಮೇಲೆ ಭರಣಿಯ ಕೆಲಸ ಸುಲಭ. ಚಪಾತಿಗೆ ತರುವ ಗೋಧಿಹಿಟ್ಟೇ ಸಾಕು. ಮೈದಾದಲ್ಲಿ ತೌಡಿಲ್ಲ, ತೌಡಿನ ಜೊತೆಗಿರುವ ಜೀವಿಗಳೂ ಕಡಿಮೆ. ಅದರಿಂದ ಶುರುಮಾಡಿದರೆ ತಡವಾಗುತ್ತದೆ. ಗಿರಣಿಯ ಕಲ್ಲಿನಲ್ಲಿ ಬೀಸಿದ ಹಿಟ್ಟಿನಲ್ಲಿ ಒಡೆದ ಪಿಷ್ಟದ ಕಣಗಳು ಹೆಚ್ಚು, ಅಂಥ ಕಣಗಳನ್ನು ಅಮೈಲೇಸ್ ಬೇಗ ಕತ್ತರಿಸುತ್ತದೆ. ಹೀಗಾಗಿ ನಮ್ಮ ಹಿಟ್ಟಿನ ಸ್ಟಾರ್ಟರ್ ಚುರುಕಾಗಿರುತ್ತದೆ, ಬೇಗ ಹಸಿಯುತ್ತದೆ. ಒಂದು ಚಮಚ ರಾಗಿಹಿಟ್ಟು ಸೇರಿಸಿದರೂ ಸರಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆಯಿದ್ದರೆ ರಾತ್ರಿ ತೆರೆದಿಟ್ಟು ಬೆಳಗ್ಗೆ ಬಳಸಿ. ಅಳತೆಯನ್ನು ಲೋಟದಲ್ಲಿ ಮಾಡಬೇಡಿ, ತೂಕದಲ್ಲಿ ಮಾಡಿ. ಒಂದು ಲೋಟ ಹಿಟ್ಟೂ ಒಂದು ಲೋಟ ನೀರೂ ತೂಕದಲ್ಲಿ ಸಮವಲ್ಲ.

ಎರಡನೆಯ ದಿನದಿಂದ ದಿನಕ್ಕೊಮ್ಮೆ, ಭರಣಿಯಲ್ಲಿ 50 ಗ್ರಾಂ ಉಳಿಸಿಕೊಂಡು ಮಿಕ್ಕದ್ದು ತೆಗೆದು, 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಹಾಕಿ ಕಲಸಿ. ಹಿಟ್ಟು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ತೆಗೆಯದೆ ಹೋದರೆ ಲೆಕ್ಕ ಹೀಗಾಗುತ್ತದೆ: 100 ಗ್ರಾಂ ಮರುದಿನ 300, ಅದರ ಮರುದಿನ 900, ಏಳನೆಯ ದಿನಕ್ಕೆ 73 ಕಿಲೊ ಹತ್ತಿರ. ಕಡಿಮೆ ಹಿಟ್ಟು ಹಾಕಿದರೆ ಭರಣಿಯೊಳಗಿನವರಿಗೆ ಊಟ ಸಾಲದು. ಬೇಕಾದರೆ 20 ಗ್ರಾಂನಲ್ಲೇ ಇಡೀ ಕೆಲಸ ನಡೆಸಬಹುದು, ಜೀವಿಗಳಿಗೆ ಭರಣಿಯ ಗಾತ್ರ ಮುಖ್ಯವಲ್ಲ. ಮೊದಲ ವಾರದಲ್ಲಿ ತೆಗೆದ ಹಿಟ್ಟನ್ನು ತಿನ್ನಬೇಡಿ; ಎಂಟೆರೊಬ್ಯಾಕ್ಟೀರಿಯಾ ಇರುವ ಹಂತ ಅದು. ಸ್ಟಾರ್ಟರ್ ಹದಕ್ಕೆ ಬಂದ ಮೇಲೆ ತೆಗೆದದ್ದು ವ್ಯರ್ಥವಾಗಬೇಕಿಲ್ಲ. ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಹಾಕಿ ಕಾವಲಿಯಲ್ಲಿ ಹುಯ್ದರೆ ಒಳ್ಳೆಯ ಗೋಧಿದೋಸೆ ಆಗುತ್ತದೆ. ನಮ್ಮ ಮನೆಯಲ್ಲಿ ಬ್ರೆಡ್ಡಿಗಿಂತ ಆ ದೋಸೆಗೆ ಗಿರಾಕಿ ಹೆಚ್ಚು.

ಮೌನದ ದಿನಗಳಿಗೆ ಬಂದರೆ, ಅಲ್ಲಿ ಮಾಡಬಾರದ್ದೇ ಮುಖ್ಯ. ಗುಳ್ಳೆ ಕಾಣದೆ ಗಾಬರಿಯಾಗಿ ದಿನಕ್ಕೆ ಎರಡು ಮೂರು ಸಲ ಉಣಿಸುವವರಿದ್ದಾರೆ. ಪ್ರತಿ ಸಲ ಹೊಸ ಹಿಟ್ಟು, ಹೊಸ ನೀರು ಹಾಕಿದಾಗ ಕೂಡಿದ ಹುಳಿ ತೆಳುವಾಗುತ್ತದೆ, ಪಿಎಚ್ ಮೇಲೇರುತ್ತದೆ, ಮೊದಲ ಗುಂಪಿಗೆ ಮತ್ತೆ ಜೀವ ಬರುತ್ತದೆ, ಎಣಿಕೆಯಲ್ಲಿ ಕಡಿಮೆಯಿರುವ ಯೀಸ್ಟ್ ಇನ್ನೂ ಕಡಿಮೆಯಾಗುತ್ತದೆ. ಮನೆಯ ಸ್ಟಾರ್ಟರ್‌ಗಳಿಗೆ ಕ್ಲೋರಿನ್ನಿಗಿಂತ ಚಳಿಗಿಂತ ಹೆಚ್ಚು ಹಾನಿ ಮಾಡುವುದು ಈ ಅತಿಯಾದ ಉಣಿಸುವಿಕೆ ಎಂದೇ ನನ್ನ ಅಭಿಪ್ರಾಯ. ಗುಳ್ಳೆಯಿಲ್ಲದಿದ್ದರೆ ದಿನಕ್ಕೊಮ್ಮೆಯೇ ಸಾಕು, ಒಂದು ದಿನ ಬರೀ ಕಲಕಿ ಬಿಟ್ಟರೂ ನಡೆಯುತ್ತದೆ. ಮೂಗಿಗೆ ಹುಳಿ ಬರುತ್ತಿದೆಯೇ ಗಮನಿಸಿ. ಬರುತ್ತಿದ್ದರೆ ದಾರಿ ಸರಿಯಿದೆ. ಮೇಲೆ ನೀರಿನಂಥ ಕಂದು ದ್ರವ ನಿಂತರೆ ಅದು ಹಸಿವಿನ ಗುರುತು, ಕೆಟ್ಟದ್ದರ ಗುರುತಲ್ಲ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ಉಣ್ಣೆಯಂಥ ಬೂಷ್ಟು ಕಂಡರೆ ಮಾತ್ರ ಹಿಂದೆಮುಂದೆ ನೋಡದೆ ಎಸೆದು, ಭರಣಿ ಬಿಸಿನೀರಿನಲ್ಲಿ ತೊಳೆದು ಮೊದಲಿನಿಂದ ಶುರುಮಾಡಿ.

ಯೀಸ್ಟ್ ನೆಲೆನಿಂತ ಮೇಲೆ ಉಣಿಸುವುದನ್ನು ಹೆಚ್ಚಿಸಬೇಕು. ಈಗ 20 ಗ್ರಾಂ ಸ್ಟಾರ್ಟರ್‌ಗೆ 60 ಗ್ರಾಂ ಹಿಟ್ಟು, 60 ಗ್ರಾಂ ನೀರು ಹಾಕಬಹುದು. ಭರಣಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಹಿಟ್ಟಿನ ಮಟ್ಟ ಗುರುತಿಸಿಡಿ. ಕೋಣೆಯ ಉಷ್ಣತೆ 25 ಡಿಗ್ರಿ ಆಸುಪಾಸಿನಲ್ಲಿದ್ದಾಗ ಆರರಿಂದ ಎಂಟು ಗಂಟೆಯೊಳಗೆ ಅದು ಎರಡರಷ್ಟಾಗಬೇಕು, ಮೂರು ನಾಲ್ಕು ದಿನ ತಪ್ಪದೆ ಹಾಗೆಯೇ ಆಗಬೇಕು. ಒಂದು ದಿನ ಏರಿ ಮರುದಿನ ಏರದಿದ್ದರೆ ಅದಿನ್ನೂ ಹದಕ್ಕೆ ಬಂದಿಲ್ಲ. ನೀರಿನಲ್ಲಿ ಒಂದು ಚಮಚ ಹಾಕಿ ತೇಲುತ್ತದೆಯೇ ನೋಡುವ ರೂಢಿಯಿದೆ. ಚೆನ್ನಾಗಿರುವ ಗೋಧಿಹಿಟ್ಟಿನ ಸ್ಟಾರ್ಟರ್ ಕೂಡ ಕೆಲವೊಮ್ಮೆ ಮುಳುಗುತ್ತದೆ, ಹಾಗಾಗಿ ಅದನ್ನು ನಂಬುವುದಕ್ಕಿಂತ ರಬ್ಬರ್ ಬ್ಯಾಂಡನ್ನು ನಂಬುವುದು ಒಳ್ಳೆಯದು.

ಉಷ್ಣತೆಯ ವಿಷಯ ನಮ್ಮಂಥ ಬಿಸಿನಾಡಿನವರಿಗೆ ಬಹಳ ಮುಖ್ಯ. ಯುರೋಪಿನವರು ಬರೆದ ವಿಧಾನಗಳಲ್ಲಿ ಇದರ ಮಾತು ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೊದ ಜೋಡಿಯನ್ನೇ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಅತಿ ವೇಗವಾಗಿ ಬೆಳೆಯುವುದು 32 ಡಿಗ್ರಿ ಹತ್ತಿರ, ಯೀಸ್ಟ್ 27ರ ಹತ್ತಿರ. 35 ದಾಟಿದರೆ ಆ ಯೀಸ್ಟ್ ಬಹುತೇಕ ನಿಂತೇಬಿಡುತ್ತದೆ, ಬ್ಯಾಕ್ಟೀರಿಯಾ ಮುಂದುವರಿಯುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯ ಅಥವಾ ಮಂಗಳೂರಿನ ಅಡುಗೆಮನೆಯಲ್ಲಿ ಹಿಟ್ಟು ಉಬ್ಬುವ ಮೊದಲೇ ಹುಳಿಯಾಗಿ ಕೂರುವುದು ಇದರಿಂದ. ಹುಳಿ ಮಿತಿಮೀರಿದರೆ ಇನ್ನೊಂದು ತೊಂದರೆಯಿದೆ. ಹಿಟ್ಟಿನಲ್ಲೇ ಇರುವ, ಪ್ರೋಟೀನ್ ಕತ್ತರಿಸುವ ಕಿಣ್ವಗಳು ಕಡಿಮೆ ಪಿಎಚ್‌ನಲ್ಲಿ ಚುರುಕಾಗುತ್ತವೆ. ಗುಳ್ಳೆ ಹಿಡಿದಿಡುವ ಗ್ಲುಟೆನ್ ಬಲೆಯನ್ನು ಅವು ಹರಿಯುತ್ತವೆ, ಕಣಕ ಅಂಟಂಟಾಗಿ ಹರಡಿಕೊಳ್ಳುತ್ತದೆ. ಅಂಥ ಕಾಲದಲ್ಲಿ ತಣ್ಣೀರು ಬಳಸಿ, ಸ್ಟಾರ್ಟರ್ ಪ್ರಮಾಣ ಅರ್ಧಕ್ಕಿಳಿಸಿ, ಉಣಿಸುವಾಗ ಒಂದು ಪಾಲಿಗೆ ಐದು ಪಾಲು ಹಿಟ್ಟು ಹಾಕಿ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಇದರ ತಿರುವುಮುರುವು.

ಬ್ರೆಡ್ಡಿಗೆ ಒಂದು ಅಳತೆ ಕೊಡುತ್ತೇನೆ. ಮೈದಾ 400 ಗ್ರಾಂ, ಗೋಧಿಹಿಟ್ಟು 100, ನೀರು 325, ಏರಿ ನಿಂತ ಸ್ಟಾರ್ಟರ್ 100, ಉಪ್ಪು 10. ವಿದೇಶದ ಬ್ರೆಡ್ ಹಿಟ್ಟಿನಲ್ಲಿರುವಷ್ಟು ಗ್ಲುಟೆನ್ ನಮ್ಮ ಮೈದಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅವರ ಪುಸ್ತಕ ಹೇಳುವಷ್ಟು ನೀರು ಹಾಕಿದರೆ ನಿಲ್ಲದು. ಎಲ್ಲವನ್ನೂ ಕಲಸಿ, ಅರ್ಧ ಗಂಟೆಗೊಮ್ಮೆ ಒದ್ದೆ ಕೈಯಲ್ಲಿ ನಾಲ್ಕು ಕಡೆಯಿಂದ ಎಳೆದು ಮಡಚಿ, ಮೂರು ನಾಲ್ಕು ಸಲ. ಜೋರಾಗಿ ನಾದಬೇಕಿಲ್ಲ, ನೀರು ಕುಡಿದು ಹೊತ್ತು ಕಳೆದರೆ ಗ್ಲುಟೆನ್ ತಾನೇ ಹೆಣೆದುಕೊಳ್ಳುತ್ತದೆ. 26 ಡಿಗ್ರಿಯಲ್ಲಿ ನಾಲ್ಕೈದು ಗಂಟೆಯಲ್ಲಿ ಒಂದೂವರೆಯಷ್ಟು ಏರಿರುತ್ತದೆ. ಎರಡರಷ್ಟಾಗಲಿ ಎಂದು ಕಾಯಬೇಡಿ. ಉಂಡೆ ಕಟ್ಟಿ, ಹಿಟ್ಟು ಉದುರಿಸಿದ ಬಟ್ಟೆಯ ಮೇಲಿಟ್ಟು ರಾತ್ರಿ ಫ್ರಿಜ್ಜಿನಲ್ಲಿಡಿ. ಅಲ್ಲಿ ಏರುವುದು ಬಹುತೇಕ ನಿಂತು ರುಚಿ ಮಾತ್ರ ಬೆಳೆಯುತ್ತದೆ. ಬೆಳಗ್ಗೆ ಮುಚ್ಚಳವಿರುವ ಬೀಡಿನ ಪಾತ್ರೆಯನ್ನು ಓವನ್ನಿನಲ್ಲಿ 230 ಡಿಗ್ರಿಗೆ ಕಾಯಿಸಿ, ಉಂಡೆಯ ಮೇಲೆ ಚೂಪಾದ ಬ್ಲೇಡಿನಲ್ಲಿ ಒಂದು ಗೀರು ಹಾಕಿ ಒಳಗಿಳಿಸಿ. ಮುಚ್ಚಿ 20 ನಿಮಿಷ, ತೆರೆದು 20ರಿಂದ 25 ನಿಮಿಷ. ಮುಚ್ಚಿದ್ದಾಗ ಹಿಟ್ಟಿನದೇ ಹಬೆ ಮೇಲ್ಮೈಯನ್ನು ಮೃದುವಾಗಿಡುತ್ತದೆ, ಯೀಸ್ಟ್ ಸಾಯುವ ಮೊದಲು ಕೊನೆಯ ಸಲ ಉಬ್ಬಲು ಜಾಗ ಸಿಗುತ್ತದೆ. ಒಳಗಿನ ಉಷ್ಣತೆ 60ರ ಹತ್ತಿರ ಬರುವಷ್ಟರಲ್ಲಿ ಯೀಸ್ಟಿನ ಕೆಲಸ ಮುಗಿದಿರುತ್ತದೆ. ಹೊರತೆಗೆದ ಮೇಲೆ ಒಂದು ಗಂಟೆಯಾದರೂ ಕತ್ತರಿಸಬೇಡಿ, ಒಳಗಿನ ಪಿಷ್ಟ ಇನ್ನೂ ಗಟ್ಟಿಯಾಗುತ್ತಿರುತ್ತದೆ.

ಉತ್ತರ ಕರ್ನಾಟಕದ ಜವೆ ಗೋಧಿಯ ಹಿಟ್ಟನ್ನೂ ಇದರಲ್ಲಿ ಸೇರಿಸಬಹುದು. ಅದರ ಗ್ಲುಟೆನ್ ಸಡಿಲ, ಹಾಗಾಗಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೇಡ. ಪರಿಮಳ ಮಾತ್ರ ಅದರದೇ.

ಆರೋಗ್ಯದ ವಿಚಾರದಲ್ಲಿ ಉತ್ಪ್ರೇಕ್ಷೆ ಬಹಳ ಇದೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟು. ತೌಡಿರುವ ಹಿಟ್ಟಿನಲ್ಲಿ ಫೈಟಿಕ್ ಆಮ್ಲ ಇರುತ್ತದೆ, ಅದು ಕಬ್ಬಿಣ, ಸತುಗಳನ್ನು ಹಿಡಿದುಕೊಂಡು ಕರುಳಿಗೆ ಸಿಗದಂತೆ ಮಾಡುತ್ತದೆ. ಅದನ್ನು ಒಡೆಯುವ ಫೈಟೇಸ್ ಕಿಣ್ವ ಗೋಧಿಯಲ್ಲೇ ಇದೆ, ಅದು ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5ರ ಆಸುಪಾಸಿನಲ್ಲಿ. ಹುಳಿ ಬಂದ ಹಿಟ್ಟು ಅದಕ್ಕೆ ಆ ಅವಕಾಶವನ್ನೂ ಸಮಯವನ್ನೂ ಕೊಡುತ್ತದೆ. ಆಮ್ಲದಿಂದಾಗಿ ಬ್ರೆಡ್ಡಿಗೆ ಬೂಷ್ಟು ಹಿಡಿಯುವುದೂ ತಡ. ಆದರೆ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿಯ ಸಾವರ್‌ಡೋ ಸುರಕ್ಷಿತವಲ್ಲ. ಹುಳಿಯಿಂದ ಗ್ಲುಟೆನ್ ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮತ್ತೆ ಹಿಟ್ಟಿನ ಮಾತಿಗೆ ಬರೋಣ. ಬೆಲ್ಜಿಯಂನ ಸಾಂಕ್ಟ್ ವೀಟ್ ಎಂಬ ಊರಿನಲ್ಲಿ 2013ರಿಂದ ಸಾವರ್‌ಡೋಗಳದೇ ಒಂದು ಸಂಗ್ರಹಾಲಯವಿದೆ. ಕಾರ್ಲ್ ಡಿ ಸ್ಮೆಟ್ ಅದನ್ನು ಕಟ್ಟಿ ಬೆಳೆಸಿದವರು. ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಸ್ಟಾರ್ಟರ್‌ಗಳು ಅಲ್ಲಿ ಫ್ರಿಜ್ಜುಗಳಲ್ಲಿ ಸಾಲಾಗಿವೆ. ಅವುಗಳಿಗೆ ಉಣಿಸುವುದು ಬೆಲ್ಜಿಯಂನ ಹಿಟ್ಟನ್ನಲ್ಲ, ಆಯಾ ಸ್ಟಾರ್ಟರ್ ಬಂದ ಕಡೆಯಿಂದ ತರಿಸಿದ ಹಿಟ್ಟನ್ನೇ. ಹಿಟ್ಟು ಬದಲಾದರೆ ಒಳಗಿನ ಜೀವಿಗಳೂ ಬದಲಾಗಬಹುದು ಎಂಬ ಎಚ್ಚರ ಅದು. ನಿಮ್ಮ ಮನೆಯ ಸ್ಟಾರ್ಟರ್‌ಗೂ ಅದೇ ನಿಯಮ ಅನ್ವಯ: ಹಿಟ್ಟನ್ನು ಬದಲಿಸಿದರೆ ಹೊಸದಕ್ಕೆ ಹೊಂದಿಕೊಳ್ಳಲು ಕೆಲವು ದಿನ ಕೊಡಿ, ಆ ದಿನಗಳಲ್ಲಿ ಬ್ರೆಡ್ ಮಾಡಬೇಡಿ.

ದಿನಾ ಬ್ರೆಡ್ ಮಾಡದವರು ಸ್ಟಾರ್ಟರ್‌ಗೆ ಉಣಿಸಿ, ಒಂದೆರಡು ಗಂಟೆ ಹೊರಗಿಟ್ಟು, ಫ್ರಿಜ್ಜಿನಲ್ಲಿಟ್ಟರೆ ವಾರಕ್ಕೊಮ್ಮೆ ನೋಡಿಕೊಂಡರೆ ಸಾಕು. ಊರಿಗೆ ಹೋಗುವವರು, ಕರೆಂಟ್ ನಂಬಲಾಗದ ಕಡೆ ಇರುವವರು ಒಂದಿಷ್ಟನ್ನು ಒಣಗಿಸಿಡುವುದು ಒಳ್ಳೆಯದು. ಚೆನ್ನಾಗಿ ಏರಿದ ಸ್ಟಾರ್ಟರನ್ನು ಬೇಕಿಂಗ್ ಪೇಪರಿನ ಮೇಲೆ ತೆಳ್ಳಗೆ ಬಳಿದು, ನೆರಳಿನಲ್ಲಿ ಫ್ಯಾನ್ ಕೆಳಗೆ ಒಂದೆರಡು ದಿನ ಒಣಗಿಸಿ. ಬಿಸಿಲಿಗಿಡಬೇಡಿ, ಯೀಸ್ಟ್ ಸಾಯಬಹುದು. ಹಪ್ಪಳದಷ್ಟು ಗರಿಗರಿಯಾದಾಗ ಮುರಿದು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. ಬೇಕಾದಾಗ ಒಂದು ಚಮಚ ಚೂರನ್ನು ಎರಡು ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಅಷ್ಟೇ ಹಿಟ್ಟು ಸೇರಿಸಿ, ದಿನಕ್ಕೊಮ್ಮೆ ಉಣಿಸುತ್ತಾ ಹೋಗಿ. ಈ ಸಲ ಒಂದು ವಾರ ಕಾಯಬೇಕಿಲ್ಲ, ಎರಡು ಮೂರು ದಿನದಲ್ಲಿ ಏರತೊಡಗುತ್ತದೆ. ಆಯ್ಕೆಯ ಕೆಲಸ ಹಿಂದೆಯೇ ಮುಗಿದಿರುವುದರಿಂದ ಆ ಹಳಸಿದ ವಾಸನೆಯೂ ಸಾಮಾನ್ಯವಾಗಿ ಬರುವುದಿಲ್ಲ.